ಪ್ರೋಗ್ರಾಮ್‌ಗೆ ಪಾಸ್‌ವರ್ಡ್ ಹಾಕಿದರೆ ಸಾಕಾ?

ಸುಂಕದಕಟ್ಟೆ ಸುತ್ತಮುತ್ತ ಪಿ.ಜಿ.ಗಳಲ್ಲಿ ಇರೋರಿಗೆ ಈ ಪ್ರಶ್ನೆ ಹೊಸದಲ್ಲ. ರೂಮಿನಲ್ಲಿ ಒಂದೇ ಲ್ಯಾಪ್‌ಟಾಪ್, ಬಳಸೋರು ಮೂವರು. ಒಂದು ಪ್ರೋಗ್ರಾಮ್‌ಗೆ ಮಾತ್ರ ಪಾಸ್‌ವರ್ಡ್ ಹಾಕೋದು ಹೇಗೆ?

ವಿಂಡೋಸ್‌ನಲ್ಲಿ ಅದಕ್ಕೆಂದೇ ಒಂದು ಬಟನ್ ಇಲ್ಲ. ಹುಡುಕಿದರೆ ‘ಆ್ಯಪ್ ಲಾಕ್’ ಮಾದರಿಯ ಸಾಫ್ಟ್‌ವೇರ್ ಬೇಕಾದಷ್ಟು ಸಿಗುತ್ತೆ. ಅದು ಹಿನ್ನೆಲೆಯಲ್ಲಿ ಓಡುತ್ತಾ, ನೀವು ಹೇಳಿದ ಪ್ರೋಗ್ರಾಮ್ ಶುರುವಾದ ಕೂಡಲೇ ತಡೆದು ಪಾಸ್‌ವರ್ಡ್ ಕೇಳುತ್ತೆ. ಅಷ್ಟೇ. ಆ ಪ್ರೋಗ್ರಾಮ್ ಬರೆದಿಟ್ಟ ಫೈಲ್‌ಗಳು ಡಿಸ್ಕ್‌ನಲ್ಲಿ ಮೊದಲಿನ ಹಾಗೇ ಇರುತ್ತವೆ. ಪೆನ್‌ಡ್ರೈವ್‌ಗೆ ಕಾಪಿ ಮಾಡಿ ಬೇರೆ ಕಂಪ್ಯೂಟರ್‌ನಲ್ಲಿ ತೆಗೆದರೆ ಯಾರೂ ತಡೆಯಲ್ಲ. ಸೇಫ್ ಮೋಡ್‌ನಲ್ಲಿ ಇಂಥ ಎಷ್ಟೋ ಲಾಕ್‌ಗಳು ಏಳೋದೇ ಇಲ್ಲ. ನಮ್ಮ ಏರಿಯಾದ ಹೆಸರೇ ಹೇಳುವ ಹಾಗೆ, ಕಟ್ಟೆಯ ಮೇಲೆ ಕೂತವನಿಗೆ ಸುಂಕ ಕೊಡೋದು ರಸ್ತೆಯಲ್ಲಿ ಬಂದವನು ಮಾತ್ರ. ಹೊಲ ದಾಟಿ ಹೋದವನ ಲೆಕ್ಕ ಅವನಿಗೆ ಸಿಗಲ್ಲ.

ಈ ವ್ಯತ್ಯಾಸ ಚೆನ್ನಾಗಿ ಕಾಣೋದು ಟ್ಯಾಲಿಯಲ್ಲಿ. 1986ರಲ್ಲಿ ಶುರುವಾದ ಬೆಂಗಳೂರಿನದೇ ಕಂಪನಿಯ ಸಾಫ್ಟ್‌ವೇರ್ ಅದು. ನಿಮ್ಮ ಮನೆಯವರ ಅಂಗಡಿಯಲ್ಲೋ ವರ್ಕ್‌ಶಾಪಿನಲ್ಲೋ ನೋಡಿರ್ತೀರಿ. ಅದರಲ್ಲಿ ಎರಡು ಬಗೆಯ ಪಾಸ್‌ವರ್ಡ್ ಇವೆ. ಒಂದು, ಯಾರು ಯಾವ ಕೆಲಸ ಮಾಡಬಹುದು ಅಂತ ನಿರ್ಧರಿಸುವ ಯೂಸರ್ ಪಾಸ್‌ವರ್ಡ್. ಇನ್ನೊಂದು ಟ್ಯಾಲಿವಾಲ್ಟ್. ಇದನ್ನು ಹಾಕಿದರೆ ಲೆಕ್ಕದ ಡೇಟಾವೇ ಎನ್‌ಕ್ರಿಪ್ಟ್ ಆಗುತ್ತೆ. ಪಟ್ಟಿಯಲ್ಲಿ ಕಂಪನಿಯ ಹೆಸರು ಕೂಡ ಬರೀ ನಕ್ಷತ್ರ ಚಿಹ್ನೆಗಳಾಗಿ ಕಾಣುತ್ತೆ. ಫೋಲ್ಡರ್ ಪೂರ್ತಿ ಕದ್ದುಕೊಂಡು ಹೋದರೂ ಪಾಸ್‌ವರ್ಡ್ ಇಲ್ಲದೆ ಓದೋಕಾಗಲ್ಲ. ನಮಗೆ ಬೇಕಿರೋದು ಈ ಎರಡನೇ ಬಗೆಯದು.

ಹಾಗಾದರೆ ರೂಮಿನ ಲ್ಯಾಪ್‌ಟಾಪ್‌ಗೆ ಏನು ಮಾಡೋದು? ಮೊದಲು ಮೂವರಿಗೂ ಬೇರೆ ಬೇರೆ ಅಕೌಂಟ್ ಮಾಡಿ, ಲ್ಯಾಪ್‌ಟಾಪಿನ ಯಜಮಾನನಿಗೆ ಮಾತ್ರ ಅಡ್ಮಿನಿಸ್ಟ್ರೇಟರ್ ಅಧಿಕಾರ ಇರಲಿ, ಉಳಿದವರು ಸ್ಟ್ಯಾಂಡರ್ಡ್ ಯೂಸರ್. ಆಗ ಒಬ್ಬರ ಡಾಕ್ಯುಮೆಂಟ್ಸ್ ಫೋಲ್ಡರ್ ಇನ್ನೊಬ್ಬ ಸ್ಟ್ಯಾಂಡರ್ಡ್ ಯೂಸರ್‌ಗೆ ತೆರೆಯಲ್ಲ. ಬ್ರೌಸರ್‌ನಲ್ಲಿ ಸೇವ್ ಮಾಡಿದ ಪಾಸ್‌ವರ್ಡ್‌ಗಳೂ ಬೇರೆಯಾಗುತ್ತವೆ. ಆದರೆ ನಮ್ಮಲ್ಲಿ ಬಹಳ ಜನ ಪ್ರಾಜೆಕ್ಟು, ಆಧಾರ್ ಸ್ಕ್ಯಾನು, ಫೋಟೋ ಎಲ್ಲವನ್ನೂ ಡಿ ಡ್ರೈವ್‌ಗೆ ತುಂಬ್ತೀವಿ. ಸಾಮಾನ್ಯವಾಗಿ ಆ ಡ್ರೈವ್ ಎಲ್ಲ ಅಕೌಂಟ್‌ಗಳಿಗೂ ತೆರೆದೇ ಇರುತ್ತೆ! ಫೋಲ್ಡರ್‌ನ ಪ್ರಾಪರ್ಟೀಸ್‌ನಲ್ಲಿ ಸೆಕ್ಯೂರಿಟಿ ಟ್ಯಾಬ್ ನೋಡಿ, ಖಾತ್ರಿಯಾಗುತ್ತೆ. ಲಿನಕ್ಸ್ ಬಳಸೋರು ಆ ಫೋಲ್ಡರ್‌ಗೆ ಸಿಎಚ್‌ಮೋಡ್ 700 ಕೊಟ್ಟರೆ ಮುಗೀತು.

ಅಕೌಂಟ್ ಬೇರೆ ಮಾಡಿದರೂ, ಪೆನ್‌ಡ್ರೈವ್‌ನಿಂದ ಉಬುಂಟು ಬೂಟ್ ಮಾಡಿದವನಿಗೆ ಎನ್‌ಕ್ರಿಪ್ಟ್ ಆಗದ ಡಿಸ್ಕ್ ಪೂರ್ತಿ ಕಾಣುತ್ತೆ. ಅದಕ್ಕೆ ಮುಖ್ಯವಾದ ಫೈಲ್‌ಗಳನ್ನು ಸೆವೆನ್‌ಜಿಪ್‌ನಲ್ಲಿ ಪಾಸ್‌ವರ್ಡ್ ಕೊಟ್ಟು ಕಟ್ಟಿಡಿ (ಎಇಎಸ್-256 ಬಳಸುತ್ತೆ, ಪುಕ್ಕಟೆ), ಮೂಲ ಫೈಲ್ ಅಳಿಸೋದು ಮರೀಬೇಡಿ. ದಿನಾ ಬಳಸುವ ಫೈಲ್‌ಗಳಾದರೆ ವೆರಾಕ್ರಿಪ್ಟ್ ವಾಸಿ. ಒಂದು ಫೈಲನ್ನೇ ಡ್ರೈವ್‌ನಂತೆ ತೆರೆದು, ಕೆಲಸ ಮುಗಿದ ಮೇಲೆ ಮುಚ್ಚಬಹುದು. ವಿಂಡೋಸ್ ಪ್ರೊ ಇದ್ದವರಿಗೆ ಬಿಟ್‌ಲಾಕರ್ ಇದ್ದೇ ಇದೆ.

ಒಂದು ಎಚ್ಚರಿಕೆ. ಇಲ್ಲಿ ಪಾಸ್‌ವರ್ಡ್ ಮರೆತರೆ ‘ಸುಂಕದವನ ಮುಂದೆ ಸುಖ ದುಃಖ ಹೇಳಿಕೊಂಡ’ ಹಾಗೆಯೇ. ನಾಳೆ ವೈವಾ ಇದೆ ಅಂತ ಅತ್ತರೂ ಫೈಲ್ ತೆರೆಯಲ್ಲ. ಬಿಟ್‌ಲಾಕರ್ ಕೊಡುವ 48 ಅಂಕಿಯ ರಿಕವರಿ ಕೀ ಬರೆದು ಊರಿನ ಮನೆಯಲ್ಲಿಡಿ, ಅದೇ ಲ್ಯಾಪ್‌ಟಾಪ್‌ನಲ್ಲಲ್ಲ. ಮತ್ತೆ, ಟೀ ಕುಡಿಯೋಕೆ ಎದ್ದಾಗ ವಿಂಡೋಸ್ ಕೀ ಜೊತೆ ಎಲ್ ಒತ್ತಿ ಹೋಗಿ.