ಫೈಲು ನಿಮ್ಮ ಕೈಯಲ್ಲಿರಲಿ: ಊರ ಹತ್ತಿರದ ಕ್ಯಾನ್ಸರ್ ಚಿಕಿತ್ಸೆಗೆ ಕಾನೂನಿನ ದಾರಿ

ರಾಯಚೂರು, ಯಾದಗಿರಿ ಕಡೆಯ ರೋಗಿಗೆ ಬೆಂಗಳೂರಿನಲ್ಲಿ ಕೀಮೋ ಎಂದರೆ ಎರಡು ಮೂರು ವಾರಕ್ಕೊಮ್ಮೆ ರಾತ್ರಿ ಬಸ್ಸು. ಬೆಳಗಿನ ಜಾವ ಇಳಿದು ಸರತಿಯಲ್ಲಿ ನಿಲ್ಲಬೇಕು. ಸಂಜೆ, ಔಷಧ ಮೈಗೇರಿದ ಮೇಲೆ, ವಾಂತಿಗೆಂದು ಕವರು ಹಿಡಿದು ಅದೇ ದಾರಿಯಲ್ಲಿ ಮರಳಬೇಕು. ಜೊತೆಗೆ ಬಂದವರ ಎರಡು ದಿನದ ಕೂಲಿ ಹೋಗುತ್ತದೆ. ನಾಲ್ಕನೆಯ ಸಲಕ್ಕೆ ಮನೆಯಲ್ಲಿ ಮಾತು ಬರುತ್ತದೆ: "ಈ ಸಲ ಬ್ಯಾಡ ಬಿಡ್ರಿ, ಜರ ಆರಾಮ ಆದ ಮ್ಯಾಲ ಹೋಗೂಣು." ಕಾಯಿಲೆ ಅಷ್ಟು ದಿನ ಕಾಯುವುದಿಲ್ಲ.

1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯೇ ಬಹಳ ಕಾಲ ಬಡವರ ಏಕೈಕ ಭರವಸೆಯಂತಿತ್ತು. ಅದರ ಕೇಂದ್ರ ಈಗ ಕಲಬುರಗಿಯಲ್ಲೂ ಇದೆ. 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ 16 ಜಿಲ್ಲೆಗಳಲ್ಲಿ ಡೇ ಕೇರ್ ಕೀಮೋ ಕೇಂದ್ರಗಳನ್ನು ತೆರೆಯಿತು. ದೊಡ್ಡ ಆಸ್ಪತ್ರೆಯ ತಜ್ಞರು ಚಿಕಿತ್ಸೆ ನಿರ್ಧರಿಸುತ್ತಾರೆ, ಮುಂದಿನ ಸುತ್ತುಗಳನ್ನು ಜಿಲ್ಲೆಯಲ್ಲೇ ಬೆಳಿಗ್ಗೆ ಹೋಗಿ ಸಂಜೆಗೆ ಮನೆ ಸೇರುವ ಹಾಗೆ ಕೊಡುತ್ತಾರೆ. ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಮೂರು ವರ್ಷದಲ್ಲಿ ಇಂಥ ಕೇಂದ್ರ ತೆರೆಯುವುದಾಗಿ ಕೇಂದ್ರ ಸರ್ಕಾರದ 2025-26ರ ಬಜೆಟ್ ಹೇಳಿದೆ.

ಮನೆ ಹತ್ತಿರವೇ ಕೀಮೋ ಕೊಡಿ ಎಂದು ನೇರವಾಗಿ ಕೇಳುವ ಹಕ್ಕನ್ನು ಯಾವ ಕಾಯ್ದೆಯೂ ಬರೆದುಕೊಟ್ಟಿಲ್ಲ. ಅಲ್ಲಿಗೆ ಮುಟ್ಟಿಸುವ ಸಣ್ಣ ಸಣ್ಣ ಹಕ್ಕುಗಳು ಮಾತ್ರ ಇವೆ. ನನ್ನ ಲೆಕ್ಕದಲ್ಲಿ ಅವುಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ನಮ್ಮವರು ಕೇಳಲು ಹಿಂಜರಿಯುವಂಥದ್ದು, ಚಿಕಿತ್ಸೆಯ ಫೈಲು.

ಕೈಯಲ್ಲಿ ಒಂದು ಬಿಲ್ಲು, ಅರ್ಧ ಹರಿದ ಮಾತ್ರೆ ಚೀಟಿ ಹಿಡಿದು ಜಿಲ್ಲಾಸ್ಪತ್ರೆಗೆ ಹೋದರೆ ಅಲ್ಲಿನ ವೈದ್ಯರು ಯಾವ ಧೈರ್ಯದಿಂದ ಕೀಮೋ ಹಾಕಿಯಾರು? ಅವರಿಗೆ ಬಯಾಪ್ಸಿ ವರದಿ, ಕಾಯಿಲೆಯ ಹಂತ, ಔಷಧದ ಹೆಸರು ಮತ್ತು ಪ್ರಮಾಣ, ಎಷ್ಟು ಸುತ್ತು ಮುಗಿದಿದೆ, ಎಷ್ಟು ಉಳಿದಿದೆ ಎಂಬುದೆಲ್ಲ ಬೇಕು. ವೈದ್ಯರ ನಡತೆ ಕುರಿತ 2002ರ ನಿಯಮಾವಳಿಯ ಪ್ರಕಾರ ರೋಗಿಯಾಗಲಿ, ರೋಗಿ ಒಪ್ಪಿಗೆ ಕೊಟ್ಟ ಪರಿಚಾರಕರಾಗಲಿ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಒಳರೋಗಿಯ ದಾಖಲೆಯನ್ನು 3 ವರ್ಷ ಕಾಪಾಡಬೇಕು. ಬಾಯಿಮಾತಿನಲ್ಲಿ ಕೇಳಬೇಡಿ. ಎರಡು ಪ್ರತಿ ಅರ್ಜಿ ಬರೆದು, ಒಂದನ್ನು ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಮತ್ತು ತಾರೀಖು ಹಾಕಿಸಿಕೊಳ್ಳಿ. "ಉಳಿದ ಕೀಮೋ ನಮ್ಮ ಜಿಲ್ಲೆಯಲ್ಲಿ ಹಾಕಿಸಬಹುದೇ? ಆಗುವುದಾದರೆ ಚೀಟಿ ಬರೆದುಕೊಡಿ" ಎಂದು ವೈದ್ಯರನ್ನು ಅದೇ ಹೊತ್ತಿಗೆ ಕೇಳಿ. ಕೆಲವು ಔಷಧಗಳಿಗೆ ದೊಡ್ಡ ಆಸ್ಪತ್ರೆಯ ನಿಗಾ ಬೇಕೇ ಬೇಕು. ಆಗುವುದಿಲ್ಲ ಎಂದರೆ ಕಾರಣ ತಿಳಿಯುವುದೂ ನಿಮ್ಮ ಹಕ್ಕು.

ಖರ್ಚಿನ ವಿಷಯ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ, ಸರ್ಕಾರ ಭರಿಸುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ತುರ್ತು ಇದ್ದಾಗ ಅದು ಬೇಡ. ಕಾರ್ಡು ತೋರಿಸಿದ ಮೇಲೂ ಹಣ ಕೇಳಿದರೆ ಯೋಜನೆಯ ನೆರವಿಗೆಂದು ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರಿಗೆ ಹೇಳಿ, 104 ಸಹಾಯವಾಣಿಗೆ ಫೋನು ಮಾಡಿ.

ದೂರ ಹೋಗಲೇಬೇಕಾದವರಿಗೆ ರೈಲ್ವೆ ರಿಯಾಯಿತಿ ಇದೆ. ಆಸ್ಪತ್ರೆ ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರ ಕೊಟ್ಟರೆ ಸ್ಲೀಪರ್ ಮತ್ತು ತ್ರೀ-ಟಯರ್ ಎಸಿಯಲ್ಲಿ ಕ್ಯಾನ್ಸರ್ ರೋಗಿಗೆ ಪೂರ್ತಿ, ಜೊತೆಗಾರರಿಗೆ ಶೇ. 75 ವಿನಾಯಿತಿ.

ನೋವಿನ ಮಾತನ್ನು ಬಿಡುವಂತಿಲ್ಲ. ಕೊನೆಯ ಹಂತದ ರೋಗಿಗಳು ಮನೆಯಲ್ಲಿ ಹಲ್ಲು ಕಚ್ಚಿ ನರಳುವುದನ್ನು ಹಣೆಬರಹವೆಂದು ಒಪ್ಪಿಕೊಂಡಿದ್ದೇವೆ. ಈ ನೋವನ್ನು ತಗ್ಗಿಸುವ ಮಾರ್ಫಿನ್ ಇಟ್ಟುಕೊಳ್ಳಲು ಆಸ್ಪತ್ರೆಗಳಿಗೆ ಹಿಂದೆ ಹಲವು ಪರವಾನಗಿ ಬೇಕಿತ್ತು. 2014ರಲ್ಲಿ ಮಾದಕ ವಸ್ತು ಕಾಯ್ದೆಗೆ ತಿದ್ದುಪಡಿ ಬಂದು ದಾರಿ ಸಲೀಸಾಯಿತು. ಈಗ ಮಾನ್ಯತೆ ಪಡೆದ ಆಸ್ಪತ್ರೆ ಅದನ್ನು ಇಟ್ಟುಕೊಂಡು, ವೈದ್ಯರ ಚೀಟಿಯ ಮೇಲೆ ಕೊಡಬಹುದು. ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಉಪಶಮನ ಆರೈಕೆ ಇದೆಯೇ, ಮಾರ್ಫಿನ್ ಮಾತ್ರೆ ಸಿಗುತ್ತದೆಯೇ ಎಂದು ಕೇಳಿ. ಔಷಧ ಮುಗಿದಿದೆ ಎಂಬ ಉತ್ತರ ಪದೇ ಪದೇ ಬಂದರೆ, ದಾಸ್ತಾನಿನ ವಿವರ ಕೋರಿ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಬಿಪಿಎಲ್‌ನವರಿಗೆ ಶುಲ್ಕವಿಲ್ಲ. ಸಾಮಾನ್ಯ ಗಡುವು 30 ದಿನ. ಜೀವದ ಪ್ರಶ್ನೆಯಾದರೆ 48 ಗಂಟೆ. ಹಾಗೆಂದು ಅರ್ಜಿಯ ತಲೆಯಲ್ಲೇ ಬರೆಯಿರಿ.

ಖಾಸಗಿ ಆಸ್ಪತ್ರೆ ಫೈಲು ಕೊಡದಿದ್ದರೆ, ಹೆಚ್ಚು ವಸೂಲಿ ಮಾಡಿದರೆ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಹಣ ತೆತ್ತು ಪಡೆದ ಸೇವೆಯಲ್ಲಿ ಲೋಪವಿದ್ದರೆ ಗ್ರಾಹಕರ ಆಯೋಗವಿದೆ. ಹಳೆಯ ಕಾಯ್ದೆಯಲ್ಲಿ ಆಸ್ಪತ್ರೆ ಇರುವ ಊರಿಗೇ ಅಲೆಯಬೇಕಾಗುತ್ತಿತ್ತು. 2019ರ ಕಾಯ್ದೆ ಬಂದ ಮೇಲೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ದಾಖಲಿಸಬಹುದು. ದೂರು ಕೊಡುವ ಅವಧಿ 2 ವರ್ಷ; ತೆತ್ತ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ.

ವಕೀಲರನ್ನು ಹಿಡಿಯಲು ದುಡ್ಡೆಲ್ಲಿ ಎಂದು ಕೈಚೆಲ್ಲಬೇಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಕಾನೂನು ನೆರವು ಉಚಿತ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ. ಹೋಗಲಾಗದವರು 15100ಕ್ಕೆ ಕರೆ ಮಾಡಿ.