ಕೆಲಸಕ್ಕೆ ಕಳಿಸಿದವರ ಹೊಣೆ ದಾರಿಯಲ್ಲೂ ಇದೆ

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಸಾವಳಗಿ ಸುತ್ತಲಿನ ರಸ್ತೆಗಳಿಗೆ ನಿದ್ದೆ ಇಲ್ಲ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಸರಿರಾತ್ರಿಯಲ್ಲೂ ಕಾರ್ಖಾನೆಯ ದಾರಿ ಹಿಡಿದಿರುತ್ತವೆ. ಟ್ರೇಲರಿನಿಂದ ಹೊರಚಾಚಿದ ಕಬ್ಬಿನ ಮರೆಯಲ್ಲಿ ಹಿಂದಿನ ಕೆಂಪು ದೀಪ ಮುಚ್ಚಿಹೋದರೆ, ಬೈಕಿನವನ ಕಣ್ಣಿಗೆ ಅದು ಬೀಳುವ ಹೊತ್ತಿಗೆ ನಡುವೆ ಉಳಿದಿರುವುದು ಹತ್ತು ಮಾರು ಮಾತ್ರ. 2024ರ ಜನವರಿ ಕೊನೆಗೆ ಇದೇ ಜಮಖಂಡಿ ತಾಲ್ಲೂಕಿನ ಆಲಗೂರ ಬಳಿ ಶಾಲಾ ಬಸ್ಸಿಗೂ ಟ್ರ್ಯಾಕ್ಟರಿಗೂ ರಾತ್ರಿ ಡಿಕ್ಕಿಯಾಗಿ ನಾಲ್ವರು ವಿದ್ಯಾರ್ಥಿಗಳು ಸತ್ತರು.

ಈ ರಸ್ತೆಗಳಲ್ಲಿ ಓಡಾಡುವವರಲ್ಲಿ ಬಹಳ ಮಂದಿ ತಮ್ಮ ಸ್ವಂತ ಕೆಲಸಕ್ಕೆ ಹೊರಟವರಲ್ಲ. ಸಕ್ಕರೆ ಕಾರ್ಖಾನೆಯ ಫೀಲ್ಡ್‌ಮನ್, ಹಾಲಿನ ಗಾಡಿಯ ಡ್ರೈವರ್, ರಬಕವಿ-ಬನಹಟ್ಟಿಯಿಂದ ಸೀರೆ ಗಂಟು ಹೇರಿಕೊಂಡು ಬರುವ ಟಾಟಾ ಏಸ್‌ನವನು, ಕಂತು ವಸೂಲಿಗೆ ಹಳ್ಳಿ ಹಳ್ಳಿ ಸುತ್ತುವ ಮೈಕ್ರೋಫೈನಾನ್ಸ್ ಹುಡುಗ, ಗೊಬ್ಬರದ ಕಂಪನಿಯ ಸೇಲ್ಸ್‌ಮನ್ ಎಲ್ಲರೂ ಇನ್ನೊಬ್ಬರು ಕಳಿಸಿದ್ದಕ್ಕೆ ಗಾಡಿ ಹತ್ತಿದವರು. ಅಪಘಾತವಾದಾಗ ಮಾತ್ರ ‘ಗಾಡಿ ಅವನದು, ತಪ್ಪೂ ಅವನದು’ ಎಂಬ ಮಾತು ಮೊದಲು ಬರುತ್ತದೆ. ಕಾನೂನು ಹಾಗೆ ಹೇಳುವುದಿಲ್ಲ.

ಒಬ್ಬ ಫೀಲ್ಡ್‌ಮನ್ ಇದ್ದಾನೆಂದು ಇಟ್ಟುಕೊಳ್ಳೋಣ. ಹತ್ತೂ ಕಾಲಿಗೆ ತುಂಗಳದ ಹೊಲವೊಂದರಲ್ಲಿ ಕಟಾವು ನೋಡುತ್ತ ನಿಂತಿದ್ದಾನೆ. ಮೇಲಿನವರ ಫೋನು ಬರುತ್ತದೆ: ‘ಹತ್ತೂವರೆಯೊಳಗ ಜಮಖಂಡಿ ಆಫೀಸಿಗೆ ಮುಟ್ಟಬೇಕು ನೋಡು, ಸಾಹೇಬ್ರು ಬಂದಾರ.’ ಆ ಹೊತ್ತಿಗೆ ಮುಟ್ಟಬೇಕಾದರೆ ವೇಗದ ಮಿತಿ ಮೀರದೆ ದಾರಿಯಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 183ನೇ ಕಲಮು ಇಂಥ ಫೋನಿಗೆಂದೇ ಬರೆದಂತಿದೆ. ವೇಗದ ಮಿತಿ ಮೀರಿ ಓಡಿಸಿದವನಿಗಷ್ಟೇ ಅಲ್ಲ, ತನ್ನ ನೌಕರನಿಂದ ಹಾಗೆ ಓಡಿಸಿದವನಿಗೂ ಅಲ್ಲಿ ದಂಡವಿದೆ. ಇಂತಿಷ್ಟು ಹೊತ್ತಿನೊಳಗೆ ಪ್ರಯಾಣ ಮುಗಿಸಬೇಕೆಂದು ಆದೇಶ ಕೊಟ್ಟಿದ್ದು, ಮಿತಿ ಮೀರದೆ ಅದು ಆಗದ ಮಾತೆಂದು ನ್ಯಾಯಾಲಯಕ್ಕೆ ಕಂಡರೆ, ಆ ಆದೇಶವೇ ಕೊಟ್ಟವನ ತಪ್ಪಿಗೆ ಮೇಲ್ನೋಟದ ಸಾಕ್ಷ್ಯವಾಗುತ್ತದೆ. ಕಾಯ್ದೆಯಲ್ಲಿ ಇಷ್ಟು ಸ್ಪಷ್ಟವಾಗಿರುವ ಈ ಮಾತನ್ನು ಎಷ್ಟು ಮಾಲೀಕರು ಓದಿದ್ದಾರೆ? ನೌಕರರಾದರೂ ಓದಿಕೊಂಡಿರಬೇಕು.

ಮೊಬೈಲ್ ಮಾತೂ ಇದರ ಹತ್ತಿರದ್ದೇ. ಗಾಡಿ ಓಡಿಸುತ್ತ ಫೋನು ಕೈಯಲ್ಲಿ ಹಿಡಿಯುವುದು 2019ರ ತಿದ್ದುಪಡಿಯ ನಂತರ 184ನೇ ಕಲಮಿನಡಿ ಅಪಾಯಕಾರಿ ಚಾಲನೆ. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಇಲ್ಲವೇ 1,000ದಿಂದ 5,000 ರೂಪಾಯಿ ದಂಡ, ಅಥವಾ ಎರಡೂ. ಹೀಗೆ ಓಡಿಸಲು ಕುಮ್ಮಕ್ಕು ಕೊಟ್ಟವನಿಗೂ ಅದೇ ಶಿಕ್ಷೆ ಎನ್ನುತ್ತದೆ 188ನೇ ಕಲಮು. ಕುಡಿದು ಓಡಿಸಿದ ಪ್ರಕರಣಕ್ಕೂ, ಮೈ ಹುಷಾರಿಲ್ಲದೆ ಓಡಿಸಿದ್ದಕ್ಕೂ ಈ ಕಲಮು ಅನ್ವಯಿಸುತ್ತದೆ. ‘ಗಾಡಿ ಮೇಲಿದ್ದರೂ ಫೋನ್ ಎತ್ತಲೇಬೇಕು’ ಎಂದು ತಾಕೀತು ಮಾಡುವ ಮ್ಯಾನೇಜರ್, ಜ್ವರ ಬಂದವನನ್ನು ಬಲವಂತವಾಗಿ ಸ್ಟೇರಿಂಗಿಗೆ ಕೂರಿಸುವ ಮಾಲೀಕ ಇಬ್ಬರೂ ಇದನ್ನು ನೆನಪಿಡಬೇಕು.

ಲೈಸೆನ್ಸ್ ಇಲ್ಲದವನ ಕೈಗೆ ಗಾಡಿ ಕೊಟ್ಟರೆ ಕೊಟ್ಟವನಿಗೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿ ದಂಡ ಅಥವಾ ಎರಡೂ. ಮಿತಿಗಿಂತ ಹೆಚ್ಚು ಭಾರ ಹೇರಿದರೆ ದಂಡ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ ಇನ್ನೂ 2,000. ಗಾಡಿ ಓಡಿಸುತ್ತಿದ್ದವನು ಮಾಲೀಕನಲ್ಲದಿದ್ದರೆ, ಭಾರ ಹೇರಿದ್ದು ಮಾಲೀಕನಿಗೆ ತಿಳಿದೇ ಅಥವಾ ಅವನ ಆದೇಶದಿಂದಲೇ ಎಂದು ನ್ಯಾಯಾಲಯ ಭಾವಿಸಬಹುದು. ಸಣ್ಣ ಗಾಡಿಯವರಿಗೆ ನೆಮ್ಮದಿಯ ಒಂದು ಮಾತಿದೆ. ಲಘು ವಾಹನದ ಲೈಸೆನ್ಸ್ ಇದ್ದವರು ಒಟ್ಟು ತೂಕ 7,500 ಕಿಲೋ ಮೀರದ ಸಾಗಣೆ ವಾಹನವನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2024ರ ನವೆಂಬರ್ 6ರಂದು ತೀರ್ಪು ಕೊಟ್ಟಿದೆ. ‘ಬೇರೆ ಲೈಸೆನ್ಸ್ ಇರಲಿಲ್ಲ’ ಎಂಬ ಒಂದೇ ನೆಪಕ್ಕೆ ವಿಮಾ ಕಂಪನಿ ಈಗ ಕೈ ತೊಳೆದುಕೊಳ್ಳುವಂತಿಲ್ಲ.

ಇನ್ನು ಪರಿಹಾರದ ಮಾತು. ಇದನ್ನು ಸ್ವಲ್ಪ ನಿಧಾನವಾಗಿಯೇ ತಿಳಿಯಬೇಕು, ಏಕೆಂದರೆ ಹೆಚ್ಚು ಕುಟುಂಬಗಳು ಸೋಲುವುದು ಇಲ್ಲೇ.

ನಮ್ಮ ಗಡಿಯಾಚೆ ಮಹಾರಾಷ್ಟ್ರದ ಧಾರಾಶಿವ ಜಿಲ್ಲೆಯಲ್ಲಿ ಸಕ್ಕರೆ ಕಾರ್ಖಾನೆಯೊಂದರ ಕಾವಲುಗಾರನಿದ್ದ. ಪಾಳಿ ನಸುಕಿನ 3 ಗಂಟೆಗೆ. 2003ರ ಏಪ್ರಿಲ್ 22ರಂದು ಬೈಕ್ ಮೇಲೆ ಕೆಲಸಕ್ಕೆ ಹೊರಟವನು, ಕಾರ್ಖಾನೆ ಇನ್ನೂ ಸುಮಾರು 5 ಕಿಲೋಮೀಟರ್ ಇರುವಾಗ ಅಪಘಾತದಲ್ಲಿ ಸತ್ತ. ಪರಿಹಾರ ಆಯುಕ್ತರು 3,26,140 ರೂಪಾಯಿ ಕೊಡಿಸಿದರು. ಅವನಿನ್ನೂ ಕೆಲಸದ ಮೇಲಿರಲಿಲ್ಲವೆಂದು ಹೈಕೋರ್ಟ್ 2011ರಲ್ಲಿ ಅದನ್ನು ರದ್ದು ಮಾಡಿತು. 2025ರ ಜುಲೈ 29ರಂದು ಸುಪ್ರೀಂ ಕೋರ್ಟ್ ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿ ಪರಿಹಾರವನ್ನು ಉಳಿಸಿತು. ಮನೆಯಿಂದ ಕೆಲಸಕ್ಕೆ ಹೋಗುವ, ಕೆಲಸ ಮುಗಿಸಿ ಮನೆಗೆ ಮರಳುವ ದಾರಿಯ ಅಪಘಾತಕ್ಕೆ, ಹೊತ್ತು, ಜಾಗ, ಸಂದರ್ಭಗಳಲ್ಲಿ ಕೆಲಸದ ನಂಟು ಕಂಡರೆ, ಅದು ಕೆಲಸದ ವೇಳೆಯ ಅಪಘಾತವೇ. ಆ ಮನೆಯವರು ಇದಕ್ಕಾಗಿ 22 ವರ್ಷ ಕಾದರು. ಮುಧೋಳ, ಬೀಳಗಿ, ಜಮಖಂಡಿ ಸೀಮೆಯಲ್ಲಿ ನಸುಕಿನ ಪಾಳಿಗೆ ಬೈಕ್ ಹತ್ತುವ ಸಾವಿರಾರು ಕಾರ್ಮಿಕರಿಗೆ ಇದಕ್ಕಿಂತ ಹತ್ತಿರದ ತೀರ್ಪು ಬೇರೊಂದಿಲ್ಲ.

ದಾರಿಯಲ್ಲಿ ಸಾಯುವುದೆಂದರೆ ಡಿಕ್ಕಿಯೇ ಆಗಬೇಕೆಂದಿಲ್ಲ. ದೆಹಲಿಯಿಂದ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಲಾರಿ ಓಡಿಸಿ, ದಣಿದು, ಗುರಿ ಮುಟ್ಟುವ ಮುಂಚೆ ಹೃದಯ ನಿಂತು ಸತ್ತ ಡ್ರೈವರೊಬ್ಬನ ಕುಟುಂಬಕ್ಕೂ 2012ರಲ್ಲಿ ಸುಪ್ರೀಂ ಕೋರ್ಟ್ ಪರಿಹಾರ ಕೊಡಿಸಿದೆ. ಕೆಲಸದ ಒತ್ತಡವೇ ಆ ಸಾವಿಗೆ ಕಾರಣವೆಂದು ಅದು ಒಪ್ಪಿತು.

1923ರ ಪರಿಹಾರ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಮನೆ ಮತ್ತು ಕೆಲಸದ ನಡುವಿನ ದಾರಿಯ ಮಾತು ಈಗ ಸಂಹಿತೆಯಲ್ಲೇ ಅಚ್ಚಾಗಿದೆ. ಲೆಕ್ಕದ ಸೂತ್ರ ಹಳೆಯದೇ. ಸಾವಾದರೆ ತಿಂಗಳ ಸಂಬಳದ ಅರ್ಧವನ್ನು, ಪೂರ್ಣ ಶಾಶ್ವತ ಅಂಗವಿಕಲತೆಯಾದರೆ ನೂರಕ್ಕೆ ಅರವತ್ತರಷ್ಟನ್ನು, ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. 2020ರ ಜನವರಿಯಲ್ಲಿ ನಿಗದಿಯಾದಂತೆ ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ 15,000 ರೂಪಾಯಿ. 30 ವರ್ಷದ ಡ್ರೈವರ್ ಸತ್ತರೆ ಗುಣಕ 207.98. ಅರ್ಧ ಸಂಬಳ 7,500ರಿಂದ ಗುಣಿಸಿದರೆ 15,59,850 ರೂಪಾಯಿ. ಅಂತ್ಯಕ್ರಿಯೆಯ ದಿನ ಐವತ್ತು ಸಾವಿರ ಕೈಗಿಟ್ಟು ಖಾಲಿ ಕಾಗದಕ್ಕೆ ಸಹಿ ಕೇಳುವವರು ಬಂದರೆ, ವಿಧವೆಯಾದ ಹೆಣ್ಣುಮಗಳಿಗೆ ಈ ಅಂಕಿ ತಿಳಿದಿರಬೇಕು. ಹಕ್ಕು ಬಿಟ್ಟುಕೊಟ್ಟೆ ಎಂದು ಬರೆಸಿಕೊಂಡ ಕರಾರಿಗೆ ಕಾನೂನಿನಲ್ಲಿ ಬೆಲೆಯಿಲ್ಲ.

ಹಕ್ಕು ಕೇಳಲು ಬಾಗಿಲು ಎರಡು. ಒಂದು, ಮಾಲೀಕನ ವಿರುದ್ಧದ ನೌಕರರ ಪರಿಹಾರ. ಇಲ್ಲಿ ಯಾರ ತಪ್ಪೆಂದು ಸಾಬೀತು ಮಾಡಬೇಕಿಲ್ಲ. ಕೆಲಸದ ಮೇಲೆ ಅಪಘಾತವಾಯಿತೆಂದರೆ ಸಾಕು. ಡ್ರೈವರ್ ತಾನೇ ಎಡವಿ ಗಾಡಿ ಉರುಳಿಸಿ ಸತ್ತಿದ್ದರೂ ಮನೆಯವರು ಕೇಳಬಹುದು. ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಇನ್ನೊಂದು, ಎದುರಿನ ಗಾಡಿಯ ತಪ್ಪಿದ್ದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಸಂಬಳಕ್ಕೆ ಅಲ್ಲಿ ಮಿತಿ ಇಲ್ಲ, ಆದ್ದರಿಂದ ಮೊತ್ತ ಹೆಚ್ಚಾಗಬಹುದು. ಆದರೆ 2022ರ ಏಪ್ರಿಲ್ 1ರಿಂದ ಅರ್ಜಿಗೆ ಆರು ತಿಂಗಳ ಗಡುವು ಬಂದಿದೆ. ಒಂದೇ ಸಾವಿಗೆ ಎರಡೂ ಕಡೆ ಹೋಗುವಂತಿಲ್ಲ, ಒಂದನ್ನು ಆರಿಸಿಕೊಳ್ಳಬೇಕು. ಅವಸರದಲ್ಲಿ ಯಾವುದೋ ಅರ್ಜಿಗೆ ಹೆಬ್ಬೆಟ್ಟು ಒತ್ತುವ ಮುಂಚೆ ವಕೀಲರ ಹತ್ತಿರ ಎರಡರ ಲೆಕ್ಕವನ್ನೂ ಹಾಕಿಸುವುದು ಒಳ್ಳೆಯದು.

ಬೇರೆಯವರ ಬೈಕ್ ಎರವಲು ತರುವವರು ಇಳಕಲ್ಲಿನ ಪ್ರಕರಣ ಕೇಳಬೇಕು. ಇಳಕಲ್ಲಿನಿಂದ ತನ್ನೂರಿಗೆ ಎರವಲು ಬೈಕ್ ಮೇಲೆ ಹೊರಟವನು, ಮುಂದೆ ಕಬ್ಬಿಣದ ತಗಡು ಹೇರಿ ಹೋಗುತ್ತಿದ್ದ ಚಕ್ಕಡಿ ಥಟ್ಟನೆ ನಿಂತಾಗ ಡಿಕ್ಕಿಯಾಗಿ ಸತ್ತ. ಎರವಲು ತಂದವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ಆದ್ದರಿಂದ ತಪ್ಪು ಸಾಬೀತು ಮಾಡದೆ ಪರಿಹಾರ ಕೇಳುವ ಆಗಿನ 163-ಎ ಕಲಮಿನಡಿ ಅವನ ಮನೆಯವರಿಗೆ ಪರಿಹಾರವಿಲ್ಲವೆಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತು. ಅವನು ಹೊರಟಿದ್ದು ತನ್ನ ಕೆಲಸಕ್ಕೆ. ಕಂಪನಿಯ ಕೆಲಸಕ್ಕೆ ಗೆಳೆಯನ ಬೈಕ್ ತಂದ ನೌಕರನಿಗೆ ಮಾಲೀಕನ ವಿರುದ್ಧದ ಮೊದಲ ಬಾಗಿಲು ತೆರೆದೇ ಇರುತ್ತದೆ, ಕಂಪನಿಯೇ ಕಳಿಸಿತ್ತೆಂದು ತೋರಿಸಲು ಆಧಾರ ಇದ್ದರೆ.

ಆ ಆಧಾರ ಸಣ್ಣದೇ ಇರಲಿ, ಕೈಯಲ್ಲಿರಬೇಕು. ಮೇಲಿನವರ ವಾಟ್ಸ್‌ಆಪ್ ಸಂದೇಶ, ಪೆಟ್ರೋಲ್ ಭತ್ಯೆಯ ಚೀಟಿ, ಸಂಬಳ ಬ್ಯಾಂಕಿಗೆ ಬಿದ್ದ ಗುರುತು, ಕಾರ್ಖಾನೆಯ ಕಾಟಾ ಚೀಟಿ, ಹಾಜರಿ ಪುಸ್ತಕದ ಫೋಟೋ, ಇವನ್ನೆಲ್ಲ ಮನೆಯವರ ಫೋನಿಗೂ ಒಂದೊಂದು ಕಳಿಸಿಟ್ಟರೆ ಕೆಲಸಕ್ಕೆ ಬರುತ್ತದೆ. ಗುತ್ತಿಗೆದಾರನ ಕೈಕೆಳಗಿನವರು ಗುತ್ತಿಗೆ ಕೊಟ್ಟ ಸಂಸ್ಥೆಯ ಹೆಸರನ್ನೂ ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಮೂಲ ಮಾಲೀಕನನ್ನೂ ಹೊಣೆ ಮಾಡಲು ಕಾನೂನಿನಲ್ಲಿ ಅವಕಾಶವಿದೆ. ಗಾಡಿಯ ಪಾಲಿಸಿಯಲ್ಲಿ ಸಂಬಳದ ಡ್ರೈವರ್ ಮತ್ತು ಕ್ಲೀನರ್ ಸೇರಿದ್ದಾರೆಯೇ ಎಂದು ಕೇಳುವುದು ಬಾಯಿ ಮಾಡಿದಂತಲ್ಲ. ಒಕ್ಕಲುತನಕ್ಕೆಂದು ವಿಮೆ ಮಾಡಿಸಿದ ಟ್ರ್ಯಾಕ್ಟರನ್ನು ಬಾಡಿಗೆ ಕಬ್ಬು ಸಾಗಣೆಗೆ ಇಳಿಸಿದ್ದರೆ ವಿಮಾ ಕಂಪನಿ ತಕರಾರು ತೆಗೆಯುತ್ತದೆ. ಇದನ್ನು ಹಂಗಾಮು ಶುರುವಾಗುವ ಮುಂಚೆಯೇ ಸರಿಪಡಿಸಿಕೊಳ್ಳಬೇಕು.

ಅಪಘಾತವಾದ ಗಳಿಗೆಯಲ್ಲಿ ಡ್ರೈವರನ ಕರ್ತವ್ಯವನ್ನು 134ನೇ ಕಲಮು ಹೇಳುತ್ತದೆ. ಜನ ರೊಚ್ಚಿಗೆದ್ದು ಮೈಮೇಲೆ ಬಾರದಿದ್ದರೆ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಬೇಕು, 24 ಗಂಟೆಯೊಳಗೆ ಪೊಲೀಸ್ ಠಾಣೆಗೆ ತಿಳಿಸಬೇಕು, ವಿಮಾ ಕಂಪನಿಗೂ ಬರೆಯಬೇಕು. ಓಡಿಹೋದರೆ ಅಪರಾಧದ ತೂಕ ಹೆಚ್ಚುತ್ತದೆ. 2025ರ ಮೇ 5ರಿಂದ ಜಾರಿಯಲ್ಲಿರುವ ನಗದುರಹಿತ ಚಿಕಿತ್ಸಾ ಯೋಜನೆಯಡಿ ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಯಲ್ಲಿ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿಯ ಚಿಕಿತ್ಸೆ ಸಿಗುತ್ತದೆ. ‘ಮೊದಲು ಡಿಪಾಸಿಟ್ ಕಟ್ಟಿ’ ಎಂದರೆ ಈ ಯೋಜನೆಯ ಹೆಸರು ಹೇಳಿ ಕೇಳಬಹುದು.

ವಕೀಲರಿಗೆ ಕೊಡಲು ದುಡ್ಡಿಲ್ಲವೆಂದು ಸುಮ್ಮನೆ ಕೂರಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು ಮತ್ತು ಕೈಗಾರಿಕಾ ಕಾರ್ಮಿಕರು ಆದಾಯದ ಲೆಕ್ಕವಿಲ್ಲದೆ ಉಚಿತ ವಕೀಲರನ್ನು ಪಡೆಯಬಹುದು. ಸಾವಳಗಿಯವರು ಜಮಖಂಡಿ ನ್ಯಾಯಾಲಯದ ಆವರಣಕ್ಕೆ ಹೋಗಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಲಿ, ಇಲ್ಲವೇ 15100ಕ್ಕೆ ಕರೆ ಮಾಡಲಿ. ಹೋಗುವಾಗ ಎಫ್‌ಐಆರ್ ಪ್ರತಿ, ಆಸ್ಪತ್ರೆಯ ಕಾಗದ, ಸಂಬಳದ ದಾಖಲೆ, ಗಾಡಿಯ ಪಾಲಿಸಿ ಕೈಯಲ್ಲಿರಲಿ.