ರಾತ್ರಿ ಫ್ರಿಜ್ ಆರಿಸಿದರೆ ಉಳಿಯುವುದೆಷ್ಟು?

ಮೇಡಂ, ನಾನು ಮೈಸೂರಿನವಳು. ವಯಸ್ಸು 53. ನಮ್ಮ ಮನೆಯವರು ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ 29 ವರ್ಷದಿಂದ ಟರ್ನರ್. ಇನ್ನು ಆರು ತಿಂಗಳಿಗೆ 58 ತುಂಬಿ ನಿವೃತ್ತಿಯಾಗುತ್ತಾರೆ. ಒಟ್ಟು ಸಂಬಳ 20,600, ಕೈಗೆ ಬರುವುದು 18,200. ಪಿಎಫ್ 10 ಲಕ್ಷ 80 ಸಾವಿರ, ಗ್ರಾಚ್ಯುಟಿ 3 ಲಕ್ಷದ ಮೇಲೆ ಸ್ವಲ್ಪ ಬರುತ್ತದಂತೆ. ಪಿಂಚಣಿ 4,500ರ ಆಸುಪಾಸು. ಸ್ವಂತ ಮನೆ ಇದೆ, ಸಾಲವಿಲ್ಲ. ಮಗಳಿಗೆ ಮದುವೆಯಾಗಿದೆ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಸೈಟು ಕೊಳ್ಳಲು 5 ಲಕ್ಷ ಕೇಳುತ್ತಿದ್ದಾನೆ.

ಮನೆಯವರಿಗೆ ಈಗಲೇ ಗಾಬರಿ ಹತ್ತಿದೆ. ಹಾಲು ಒಂದು ಲೀಟರಿನಿಂದ ಅರ್ಧಕ್ಕೆ ಇಳಿಸಿದರು. ರಾತ್ರಿ ಎದ್ದು ಫ್ರಿಜ್ ಆರಿಸುತ್ತಾರೆ. ನನ್ನ ಲೆಕ್ಕದ ಪುಸ್ತಕ ತೆಗೆದು ಕೂತು, ‘ತಿಂಗಳಿಗೆ 15,600 ಬರೆದಿದ್ದೀಯ, ಉಳಿದ 2,600 ಎಲ್ಲಿ? ಇಷ್ಟು ವರ್ಷ ದುಡ್ಡೆಲ್ಲ ಏನು ಮಾಡಿದೆ?’ ಎಂದು ಕೇಳಿದರು. ಆ ಮಾತು ಎದೆಗೆ ನಾಟಿದೆ. ಗೃಹಲಕ್ಷ್ಮಿ ದುಡ್ಡನ್ನು ಮುಟ್ಟದೆ ನನ್ನ ಖಾತೆಯಲ್ಲಿ 62,000 ಕೂಡಿಸಿದ್ದೇನೆ, ಅದು ಅವರಿಗೆ ಗೊತ್ತಿಲ್ಲ. ಹೇಳಬೇಕೇ? ಮುಂದೆ ಸಂಸಾರ ಹೇಗೆ ತೂಗಿಸಲಿ? ನಾನು ದುಂದುಗಾರ್ತಿಯೇ? ಪುಸ್ತಕದ ಒಂದು ಹಾಳೆ ಇಟ್ಟು ಕಳಿಸಿದ್ದೇನೆ.

— ಒಬ್ಬ ಗೃಹಿಣಿ, ಮೈಸೂರು

ನಿಮ್ಮ ಹಾಳೆ ನನ್ನ ಮೇಜಿನ ಮೇಲಿದೆ. ದಿನಸಿ 4,200. ಹಾಲು ಮೊಸರು 1,900. ತರಕಾರಿ ಹಣ್ಣು 1,800. ಗ್ಯಾಸ್ 900. ನೀರು 250. ಮೊಬೈಲ್, ಕೇಬಲ್ 850. ಇಎಸ್‌ಐನಲ್ಲಿ ಸಿಗದ ಮಾತ್ರೆ 400. ಪೆಟ್ರೋಲ್ 1,200. ಚೀಟಿ 2,000, ಪಕ್ಕದಲ್ಲಿ ‘ಇನ್ನು ಮೂರು ಕಂತು’ ಎಂದು ಪೆನ್ಸಿಲಿನಲ್ಲಿ ಬರೆದಿದ್ದೀರಿ. ಮುಯ್ಯಿ 600. ಇತರೆ 1,500. ಕರೆಂಟಿನ ಎದುರು ಸೊನ್ನೆ. ನಾನು 28 ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತು ಜನರ ಲೆಕ್ಕ ನೋಡಿದವಳು. ಇಷ್ಟು ಬಿಗಿಯಾದ ಹಾಳೆಯನ್ನು ಹೆಚ್ಚು ಸಲ ಕಂಡಿಲ್ಲ.

ಆ ಸೊನ್ನೆಯಿಂದಲೇ ಶುರು ಮಾಡೋಣ. ಗೃಹಜ್ಯೋತಿಯಲ್ಲಿ ನಿಮಗೆ ಬಿಲ್ಲೇ ಬರುತ್ತಿಲ್ಲ. ನಿಮಗೆ ನಿಗದಿಯಾದ ಯೂನಿಟ್ಟಿನೊಳಗೆ ಇರುವವರೆಗೂ ರಾತ್ರಿ ಫ್ರಿಜ್ ಆರಿಸಿದರೆ ಉಳಿಯುವುದು ಏನೂ ಇಲ್ಲ. ಹುಳಿ ಹಳಸುತ್ತದೆ, ದೋಸೆ ಹಿಟ್ಟು ಉಕ್ಕುತ್ತದೆ, ಅಷ್ಟೆ. ಹಾಲು ಅರ್ಧ ಲೀಟರ್ ಕಡಿಮೆ ಮಾಡಿದ್ದರಿಂದ ತಿಂಗಳಿಗೆ ಏಳುನೂರು ಚಿಲ್ಲರೆ ಉಳಿದೀತು, ಆದರೆ ಅದು ಇಬ್ಬರು ವಯಸ್ಸಾಗುತ್ತಿರುವವರ ಮೂಳೆಯಿಂದ ತೆಗೆದ ಹಣ. ನಿಮ್ಮ ಮನೆಯವರು ಮಾಡುತ್ತಿರುವುದಕ್ಕೆ ಉಳಿತಾಯ ಎಂದು ಹೆಸರಿಡಲು ನನಗೆ ಮನಸ್ಸು ಬರುವುದಿಲ್ಲ. ಅದು ಭಯ. 29 ವರ್ಷ ತಿಂಗಳು ತುಂಬಿದರೆ ಸಂಬಳ ಬಂದೇ ಬರುತ್ತಿತ್ತು. ಅದು ನಿಂತುಹೋಗುತ್ತದೆ ಎಂದಾಗ ಕೈಗೆ ಎಟುಕಿದ ಸ್ವಿಚ್ಚನ್ನು ಆರಿಸುತ್ತಾರೆ. ಈ ಭಯಕ್ಕೆ ಜಗಳದಿಂದ ಮದ್ದಿಲ್ಲ. ತಿಂಗಳಿಗೆ ಇಷ್ಟು ಬರುತ್ತದೆ ಎಂಬ ಒಂದು ಗಟ್ಟಿ ಅಂಕಿ ಅವರಿಗೆ ಬೇಕು. ಆ ಅಂಕಿ ತೆಗೆಯೋಣ.

ಪಿಎಫ್, ಗ್ರಾಚ್ಯುಟಿ ಸೇರಿ ಸುಮಾರು 13 ಲಕ್ಷ 90 ಸಾವಿರ. ಇದರಲ್ಲಿ 9 ಲಕ್ಷವನ್ನು ಅಂಚೆ ಕಚೇರಿ ಅಥವಾ ಬ್ಯಾಂಕಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿಡಿ. ಅದು 60 ದಾಟಿದವರಿಗೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. 55 ತುಂಬಿ ನಿವೃತ್ತಿಯಾದವರೂ ನಿವೃತ್ತಿಯ ಹಣವನ್ನು ಇಡಬಹುದು, ಆದರೆ ಗಡುವಿದೆ. ಹಣ ಕೈಗೆ ಬಂದ ಒಂದು ತಿಂಗಳೊಳಗೆ ಇಡಬೇಕೆಂದಿದ್ದ ಗಡುವು 2023ರ ನವೆಂಬರಿನಲ್ಲಿ ಮೂರು ತಿಂಗಳಾಯಿತು. ನೀವು ಮೊದಲ ತಿಂಗಳಲ್ಲೇ ಮುಗಿಸಿಬಿಡಿ. 2023ರ ಏಪ್ರಿಲಿನಲ್ಲಿ ಶೇ. 8.2ಕ್ಕೆ ಏರಿದ ಬಡ್ಡಿಯನ್ನೇ ಹಿಡಿದು ಲೆಕ್ಕ ಹಾಕಿದ್ದೇನೆ. ಸರ್ಕಾರ ಮೂರು ತಿಂಗಳಿಗೊಮ್ಮೆ ದರ ಪರಿಶೀಲಿಸುತ್ತದೆ, ಆದರೆ ನೀವು ಖಾತೆ ತೆರೆದ ದಿನದ ದರ ಐದು ವರ್ಷವೂ ಬದಲಾಗುವುದಿಲ್ಲ. 9 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 18,450, ಅಂದರೆ ತಿಂಗಳಿಗೆ 6,150. ಈ ಖಾತೆಯನ್ನು ಗಂಡ ಹೆಂಡತಿ ಜಂಟಿಯಾಗಿ ತೆರೆಯಬಹುದು, ನಿಮ್ಮ ವಯಸ್ಸು ಅಡ್ಡಿಯಲ್ಲ. ಹಾಗೇ ತೆರೆಯಿರಿ.

ಇನ್ನು 3 ಲಕ್ಷವನ್ನು ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ, ನಿಮ್ಮೊಬ್ಬರ ಹೆಸರಿನಲ್ಲೇ ಇಡಿ. ಶೇ. 7.4ರಂತೆ ತಿಂಗಳಿಗೆ 1,850 ಬರುತ್ತದೆ. ನಿಮ್ಮ ಹೆಸರಿನಲ್ಲಿ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಅವರಿಗೆ ಏನಾದರೂ ಆದರೆ ಆ 4,500 ಪಿಂಚಣಿಯಲ್ಲಿ ನಿಮಗೆ ಬರುವುದು ಸುಮಾರು ಅರ್ಧ ಮಾತ್ರ. ಇಂಥ ಮಾತು ಆಡುವುದು ಕಷ್ಟ. ಆಡದೆ ಬಿಟ್ಟ ಮನೆಗಳಲ್ಲಿ ಆಮೇಲೆ ಏನಾಯಿತೆಂದು ಕೌಂಟರಿನ ಈಚೆಯಿಂದ ನೋಡಿದ್ದೇನೆ, ಅದಕ್ಕೇ ಆಡುತ್ತಿದ್ದೇನೆ.

ಉಳಿದ 1 ಲಕ್ಷ 90 ಸಾವಿರ ಬ್ಯಾಂಕಿನಲ್ಲಿ, ಬೇಕೆಂದಾಗ ತೆಗೆಯಲು ಬರುವ ಹಾಗೆ ಎರಡು ಮೂರು ಸಣ್ಣ ಠೇವಣಿಗಳಾಗಿ ಇರಲಿ. ಅದು ಆಪತ್ತಿಗೆ. ನಿಮ್ಮಿಬ್ಬರ ವರಮಾನ ತೆರಿಗೆಗೆ ಬರುವಷ್ಟಿಲ್ಲ. ಹಾಗಾಗಿ ಬಡ್ಡಿಯಲ್ಲಿ ತೆರಿಗೆ ಮುರಿದುಕೊಳ್ಳಬೇಡಿ ಎಂಬ ಘೋಷಣೆಯ ಫಾರಂ ಅನ್ನು ಪ್ರತಿ ಏಪ್ರಿಲಿನಲ್ಲಿ ಕೊಡುವುದು ಮರೆಯಬೇಡಿ.

ಪಿಂಚಣಿ 4,500, ಬಡ್ಡಿ 6,150, ಮತ್ತೆ 1,850. ಒಟ್ಟು 12,500. ಇದು ನಿಮ್ಮ ಮನೆಯ ಹೊಸ ಸಂಬಳ.

ಈಗ ಖರ್ಚಿನ ಕಡೆ ಬನ್ನಿ. 15,600ರಲ್ಲಿ ಚೀಟಿ ಮುಗಿಯುತ್ತದೆ, 2,000 ಹೋಯಿತು. ಡ್ಯೂಟಿಗೆ ಸ್ಕೂಟರ್ ತೆಗೆಯುವುದು ನಿಂತರೆ ಪೆಟ್ರೋಲಿನಲ್ಲಿ 800 ಹೋಯಿತು. ಉಳಿದದ್ದು 12,800. ಹತ್ತಿರ ಹತ್ತಿರ ಸರಿಹೋಯಿತಲ್ಲ ಎನ್ನಿಸುತ್ತದೆ, ಆದರೆ ಇಲ್ಲಿ ಒಂದು ಹಳ್ಳವಿದೆ. ನಿಮ್ಮ ಹಾಳೆ ತಿಂಗಳ ಹಾಳೆ. ವರ್ಷಕ್ಕೊಮ್ಮೆ ಬರುವುದು ಅದರಲ್ಲಿ ಒಂದೂ ಇಲ್ಲ. ಮನೆ ಕಂದಾಯ, ಸ್ಕೂಟರ್ ವಿಮೆ, ಗೌರಿ ಹಬ್ಬಕ್ಕೆ ಮಗಳಿಗೆ ಕೊಡುವ ಬಾಗಿನ, ದೀಪಾವಳಿಯ ಬಟ್ಟೆ, ಪಿತೃಪಕ್ಷದ ಅಡುಗೆ, ಮಳೆಗೆ ಮೊದಲು ತಾರಸಿಯ ಬಿರುಕಿಗೆ ಸಿಮೆಂಟು, ಎರಡು ವರ್ಷಕ್ಕೊಂದು ಕನ್ನಡಕ. ಇವೆಲ್ಲ ಎಷ್ಟೇ ಬಿಗಿ ಹಿಡಿದರೂ ನಿಮ್ಮಂಥ ಮನೆಯಲ್ಲಿ ವರ್ಷಕ್ಕೆ 24,000 ಮುಟ್ಟುತ್ತವೆ, ತಿಂಗಳಿಗೆ 2,000. ನಿಮ್ಮ ಮನೆಯವರು ‘ಎಲ್ಲಿ’ ಎಂದು ಕೇಳಿದ ಆ 2,600ರಲ್ಲಿ ಬಹುಪಾಲು ಇಲ್ಲೇ ಇದೆ. ನೀವು ಬರೆದಿಡಲಿಲ್ಲ, ಅಷ್ಟೇ ನಿಮ್ಮ ತಪ್ಪು. ಇನ್ನು ಮೇಲೆ ಪುಸ್ತಕದ ಕೊನೆಯ ಪುಟದಲ್ಲಿ ಯುಗಾದಿಯಿಂದ ಯುಗಾದಿಗೆ ಈ ವರ್ಷದ ಖರ್ಚುಗಳನ್ನು ಬರೆಯಿರಿ, ಅವರ ಕೈಯಲ್ಲೇ ಬರೆಸಿ.

ಹಾಗಾಗಿ ನಿಜವಾದ ಅಗತ್ಯ 14,800, ಬರುವುದು 12,500. ತಿಂಗಳಿಗೆ 2,300 ಕೊರತೆ. ಮೊಬೈಲು ಕೇಬಲಿನಲ್ಲಿ 300 ಇಳಿಸಬಹುದು. ಮುಯ್ಯಿಯಲ್ಲಿ 200 ಇಳಿಸಿ, ನಿವೃತ್ತಿಯಾದವರು ಹತ್ತಿರದವರ ಮದುವೆಗೆ ಮಾತ್ರ ಮುಯ್ಯಿ ಮಾಡಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ದಿನಸಿ, ಹಾಲು, ತರಕಾರಿಗೆ ಕೈ ಹಾಕಬೇಡಿ, ಅಲ್ಲಿ ಹಿಂಡಿದರೂ ಬರುವುದಿಲ್ಲ. ಮಿಕ್ಕ 1,800 ದುಡಿದೇ ತರಬೇಕು. 58 ದೊಡ್ಡ ವಯಸ್ಸಲ್ಲ, ಲೇತ್ ಮೇಲೆ 29 ವರ್ಷ ಪಳಗಿದ ಕೈ ಸಣ್ಣ ವರ್ಕ್‌ಶಾಪುಗಳಿಗೆ ಬೇಕಾದ ಕೈ. ವಾರಕ್ಕೆ ಮೂರು ದಿನ ಸಾಕು, ಎರಡು ಮೂರು ವರ್ಷ ಸಾಕು. ಕೊರತೆ ತುಂಬಿದ ಮೇಲೆ ಆ ದುಡಿಮೆಯಲ್ಲಿ ಮಿಕ್ಕಿದ್ದನ್ನು ಮುಟ್ಟದೆ ಕೂಡಿಡಿ, ಯಾಕೆಂದರೆ ಈ ಪಿಂಚಣಿಗೆ ತುಟ್ಟಿಭತ್ಯೆಯಿಲ್ಲ. ಬೆಲೆ ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ ಅವರಿಗೆ 70 ಆಗುವ ಹೊತ್ತಿಗೆ ಇವತ್ತಿನ ದಿನಸಿಗೆ ಎರಡರಷ್ಟು ಬೇಕು, ಪಿಂಚಣಿ ಮಾತ್ರ ಅದೇ 4,500.

ಪಿಂಚಣಿಯನ್ನು 60ರವರೆಗೆ ಮುಂದೂಡಿದರೆ ವರ್ಷಕ್ಕೆ ಶೇ. 4ರಂತೆ ಹೆಚ್ಚು ಸಿಗುತ್ತದೆ ಎಂದು ಕಾರ್ಖಾನೆಯಲ್ಲಿ ಯಾರಾದರೂ ಹೇಳಬಹುದು. ಮಾತು ನಿಜ. ಆದರೆ ಎರಡು ವರ್ಷದ ಪಿಂಚಣಿ 1 ಲಕ್ಷ 8 ಸಾವಿರ ಬಿಟ್ಟುಕೊಟ್ಟು ತಿಂಗಳಿಗೆ ಹೆಚ್ಚು ಸಿಗುವುದು 365ರಷ್ಟು. ಬಿಟ್ಟದ್ದು ತುಂಬಿಬರಲು 24 ವರ್ಷದ ಮೇಲೆ ಬೇಕು. ಬೇಡ, 58ಕ್ಕೇ ತೆಗೆದುಕೊಳ್ಳಲಿ.

ಔಷಧದ ಖರ್ಚು ನಿವೃತ್ತಿಯ ಮನೆಯನ್ನು ಮುರಿಯುವಷ್ಟು ಬೇರಾವುದೂ ಮುರಿಯುವುದಿಲ್ಲ, ಹಾಗಾಗಿ ಇದನ್ನು ಎರಡು ಸಲ ಓದಿ. ಕೆಲಸ ಹೋದ ದಿನವೇ ಇಎಸ್‌ಐ ಹೋಯಿತು ಎಂದು ಎಷ್ಟೋ ಕಾರ್ಮಿಕರು ಕಾರ್ಡನ್ನು ಟ್ರಂಕಿನಲ್ಲಿ ಹಾಕಿಬಿಡುತ್ತಾರೆ. ಐದು ವರ್ಷವಾದರೂ ಇಎಸ್‌ಐ ಕಟ್ಟಿ ವಯೋನಿವೃತ್ತಿಯಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಗಂಡ ಹೆಂಡತಿ ಇಬ್ಬರಿಗೂ ಚಿಕಿತ್ಸೆ ಮುಂದುವರಿಯುತ್ತದೆ. ದಿನಕ್ಕೆ ಮೂವತ್ತೈದು ಪೈಸೆ ಕೂಡ ಆಗಲಿಲ್ಲ. ನಿಮ್ಮವರ ಸಂಬಳ 21,000ದ ಮಿತಿಯೊಳಗಿದೆ, ಇಎಸ್‌ಐ ಈಗಲೂ ನಡೆಯುತ್ತಿದೆ. ನಿವೃತ್ತಿಯ ಪತ್ರ ಕೈಗೆ ಬಂದ ವಾರವೇ ಇಎಸ್‌ಐ ಶಾಖಾ ಕಚೇರಿಗೆ ಹೋಗಿ ಅರ್ಜಿ ಕೊಡಿ. ಕೆಆರ್‌ಎಸ್ ರಸ್ತೆಯ ಆಸ್ಪತ್ರೆ ನಿಮ್ಮದೇ ಆಗಿ ಉಳಿಯುತ್ತದೆ.

ಇನ್ನು ಮಗನ ವಿಷಯ. 5 ಲಕ್ಷ ಕೊಟ್ಟರೆ ತಿಂಗಳಿಗೆ 3,400 ಬಡ್ಡಿ ಹೋಗುತ್ತದೆ, ಅಂದರೆ ನಿಮ್ಮ ದಿನಸಿಯ ಮುಕ್ಕಾಲು ಭಾಗಕ್ಕಿಂತ ಹೆಚ್ಚು. ಕೊಡಬೇಡಿ. ಅವನು ಕೆಟ್ಟವನೆಂದಲ್ಲ, ಈ ಲೆಕ್ಕವನ್ನು ಅವನಿಗೆ ಯಾರೂ ತೋರಿಸಿಲ್ಲ. ಬಂದಾಗ ಊಟಕ್ಕೆ ಕೂರಿಸಿ, ಪುಸ್ತಕ ತೆಗೆದು ಮುಂದಿಡಿ. ‘ಅಪ್ಪನ ಸಂಬಳದ ಜಾಗದಲ್ಲಿ ಈಗ ಈ ದುಡ್ಡು ಕೂತಿದೆ ಕಣೋ, ಎಬ್ಬಿಸಿದರೆ ಮನೆ ನಡೆಯಲ್ಲ. ನಾವು ನಿನ್ನ ಮುಂದೆ ಕೈ ಚಾಚಬಾರದು ಅಂತಲೇ ಇದನ್ನು ಇಟ್ಟಿರೋದು’ ಎಂದು ಹೇಳಿ. ಬೆಳೆದ ಮಗ, ಅರ್ಥ ಮಾಡಿಕೊಳ್ಳುತ್ತಾನೆ. ಇದೇ ಮಾತು ತಮ್ಮನಿಗೂ, ನಾದಿನಿಗೂ, ‘ನೂರಕ್ಕೆ ಮೂರು ಬಡ್ಡಿ ಕೊಡಿಸ್ತೀನಿ’ ಎಂದು ಮನೆಗೆ ಬರುವ ಪರಿಚಯದವರಿಗೂ ಅನ್ವಯಿಸುತ್ತದೆ. ಗ್ರಾಚ್ಯುಟಿ ಚೆಕ್ಕನ್ನು ಅಂಗಿಯ ಒಳಜೇಬಿನಿಂದ ಮೆಲ್ಲಗೆ ತೆಗೆದು ನನ್ನ ಕೈಗೆ ಕೊಟ್ಟ ಒಬ್ಬ ಗಿರಣಿ ಕಾರ್ಮಿಕರು ನನಗೆ ಈಗಲೂ ನೆನಪಿದ್ದಾರೆ. ನಾಲ್ಕು ತಿಂಗಳಲ್ಲಿ ಅಷ್ಟನ್ನೂ ತೆಗೆದು ಇಂಥ ಬಡ್ಡಿಯ ಆಸೆಗೆ ಕೊಟ್ಟರು. ಆಮೇಲೆ ಪಾಸ್‌ಬುಕ್ ಹಿಡಿದು ಸುಮ್ಮನೆ ಬಂದು ಬೆಂಚಿನ ಮೇಲೆ ಕೂತು ಹೋಗುತ್ತಿದ್ದರು.

ನಿಮ್ಮ 62,000 ಇದೆ ಎಂದು ಮನೆಯವರಿಗೆ ಹೇಳಿ. ಈ ಹೊತ್ತಿನಲ್ಲಿ ಆ ಮಾತು ಅವರಿಗೆ ದೊಡ್ಡ ಧೈರ್ಯ. ಆದರೆ ಹಣ ನಿಮ್ಮ ಖಾತೆಯಲ್ಲೇ ಇರಲಿ, ಲೆಕ್ಕಕ್ಕೆ ಸೇರಿಸಬೇಡಿ. ಗೃಹಲಕ್ಷ್ಮಿಯ 2,000ವನ್ನು ನಾನು ಬೇಕೆಂದೇ ಮೇಲಿನ ವರಮಾನದಲ್ಲಿ ಹಿಡಿದಿಲ್ಲ. ಕಂತು ಯಾವಾಗ ಬರುತ್ತದೋ ಎಂದು ಕಾಯುವ ಹಣದ ಮೇಲೆ ದಿನಸಿ ನಿಲ್ಲಬಾರದು. ನಿಮ್ಮ ಅತ್ತೆ, ನಿಮ್ಮ ತಾಯಿ ಸಾಸಿವೆ ಡಬ್ಬಿಯಲ್ಲಿ ಇಟ್ಟಂತೆ ಅದು ಇರಲಿ.

ಚೀಟಿ ಮುಗಿದ ಮೇಲಿನ ಮೂರು ತಿಂಗಳು ಒಂದು ಅಭ್ಯಾಸ ಮಾಡಿ. ಸಂಬಳ ಬಂದ ದಿನ 12,500 ಮಾತ್ರ ತೆಗೆಯಿರಿ, ಡ್ಯೂಟಿಯ ಪೆಟ್ರೋಲಿಗೆ 800 ಬೇರೆ. ಉಳಿದ 4,900 ಬ್ಯಾಂಕಿನಲ್ಲೇ ಇರಲಿ, ವರ್ಷದ ಖರ್ಚಿಗೆ ಅದೇ ಮೊದಲ ಗಂಟಾಗುತ್ತದೆ. ಎಲ್ಲಿ ಬಿಗಿಯುತ್ತದೆ, ಎಲ್ಲಿ ಸಡಿಲವಿದೆ ಎಂಬುದು ಸಂಬಳ ಇರುವಾಗಲೇ ಇಬ್ಬರಿಗೂ ಗೊತ್ತಾಗಲಿ. ಅಷ್ಟರಲ್ಲಿ ಪಿಎಫ್ ಖಾತೆಯಲ್ಲಿ ಅವರ ಹೆಸರು, ಹುಟ್ಟಿದ ದಿನಾಂಕ ಆಧಾರ್‌ನಲ್ಲಿರುವಂತೆಯೇ ಇದೆಯೇ, ನಾಮಿನಿಯಾಗಿ ನೀವಿದ್ದೀರೇ ನೋಡಿಸಿ. ಒಂದು ಅಕ್ಷರ ತಪ್ಪಿದ್ದರೂ ನಿವೃತ್ತಿಯಾದ ಮೇಲೆ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ.

ಕೊನೆಗೆ, ನೀವು ಕೇಳಿದ ಪ್ರಶ್ನೆ. ಇಷ್ಟು ಸಣ್ಣ ಸಂಬಳದಲ್ಲಿ ಇಬ್ಬರು ಮಕ್ಕಳು ದಡ ಸೇರಿದ್ದಾರೆ, ಮನೆ ನಿಂತಿದೆ, ಎಲ್ಲಿಯೂ ಒಂದು ರೂಪಾಯಿ ಸಾಲವಿಲ್ಲ, ಪಿಎಫ್‌ನಲ್ಲಿ ಕೂಡಿದ ಗಂಟು ಕರಗದೆ ಉಳಿದಿದೆ. ದುಡ್ಡೆಲ್ಲ ಏನಾಯಿತು ಎಂದರೆ ಇದೇ ಆಯಿತು. ನೀವು ದುಂದುಗಾರ್ತಿಯಲ್ಲ ತಾಯಿ. ನಾಳೆಯಿಂದ ಹಾಲು ಮೊದಲಿನಂತೆ ಒಂದು ಲೀಟರ್ ತರಿಸಿ, ಮತ್ತೆ ಈ ಪುಟವನ್ನು ನಿಮ್ಮ ಮನೆಯವರ ಕೈಗೆ ಕೊಡಿ, ಅವರೂ ಓದಲಿ.